ನಿಂಬೆಹಣ್ಣಿನಷ್ಟು ಹಿಟ್ಟಿನಲ್ಲಿ ಭ್ರೂಣದ ಮೊದಲ ವಾರ

ಬಸವೇಶ್ವರನಗರದ ನಮ್ಮ ಮನೆಯಲ್ಲಿ ಸೆಕೆಂಡ್ ಪಿಯು ಮಕ್ಕಳಿಗೆ ಬಯಾಲಜಿ ಟ್ಯೂಷನ್ ಮಾಡುತ್ತೇನೆ. ಭ್ರೂಣದ ಪಾಠ ಬಂದ ದಿನ ಮೈದಾ ಡಬ್ಬ ಹಾಲ್‌ಗೆ ಬರುತ್ತದೆ. ಮೊದಲ ವರ್ಷ ನಾನೇ ತಪ್ಪು ಮಾಡಿದ್ದೆ. ಒಂದು ಕೋಶಕ್ಕೆ ಒಂದು ಉಂಡೆ, ಎರಡು ಕೋಶಕ್ಕೆ ಅಷ್ಟೇ ದೊಡ್ಡ ಎರಡು ಉಂಡೆ. ಎಂಟಕ್ಕೆ ಬರುವ ಹೊತ್ತಿಗೆ ತಟ್ಟೆ ತುಂಬಿತ್ತು. ಹಿಂದೆ ಕೂತಿದ್ದ ಹುಡುಗಿ ಕೇಳಿದಳು: "ಮಿಸ್, ಇಷ್ಟು ದಪ್ಪ ಆಗೋಕೆ ಅದಕ್ಕೆ ಊಟ ಎಲ್ಲಿಂದ ಬಂತು?"

ಸರಿಯಾದ ಪ್ರಶ್ನೆ ಅಲ್ವಾ? ಆ ದಿನಗಳಲ್ಲಿ ಭ್ರೂಣ ದಪ್ಪ ಆಗುವುದೇ ಇಲ್ಲ. ಅಂಡಾಣು ಕಟ್ಟಿಕೊಂಡು ಬಂದ ಬುತ್ತಿ, ಅಂಡನಾಳದ ದ್ರವದಲ್ಲಿ ಸಿಕ್ಕಿದ್ದು ಒಂದಿಷ್ಟು, ಅಷ್ಟರಲ್ಲೇ ದಿನ ಕಳೆಯಬೇಕು. ಇದ್ದ ಕೋಶವೇ ಸಣ್ಣ ಸಣ್ಣ ಕೋಶಗಳಾಗುತ್ತಾ ಹೋಗುತ್ತದೆ. ಆಮೇಲಿಂದ ಹೀಗೆ ಮಾಡಿಸುತ್ತೇನೆ.

ಎರಡು ಕಪ್ ಮೈದಾಕ್ಕೆ ಅರ್ಧ ಕಪ್ ಪುಡಿಯುಪ್ಪು, ಒಂದು ಚಮಚ ಎಣ್ಣೆ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ. ಉಪ್ಪು ಕಡಿಮೆಯಾದರೆ ಬೂಷ್ಟು ಹಿಡಿಯುತ್ತದೆ. ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದು ಉಂಡೆ ಮಾಡಿ. ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ದೂರ ಇಡಿ. ಕೈಗೆ ಸಿಗಬಾರದು!

ಈ ಉಂಡೆಯೇ ಯುಗ್ಮಜ. ವೀರ್ಯಾಣು ಮತ್ತು ಅಂಡಾಣು ಅಂಡನಾಳದಲ್ಲಿ ಸೇರಿ ಆದದ್ದು. ನಿಜವಾದದ್ದು ಸುಮಾರು 0.1 ಮಿಲಿಮೀಟರ್. ನಿಮ್ಮ ಕೈಯಲ್ಲಿರುವುದು ಅದರ 400 ಪಟ್ಟು ಅಗಲ. ಅದನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ. ಈ ಕವರ್ ಅಂದರೆ ಝೋನಾ ಪೆಲ್ಲುಸಿಡಾ. ಕೋಶಗಳನ್ನು ಒಟ್ಟಿಗೆ ಹಿಡಿದಿಡುತ್ತದೆ, ಭ್ರೂಣ ಗರ್ಭಕೋಶಕ್ಕೆ ಹೋಗುವ ದಾರಿಮಧ್ಯೆ ನಾಳಕ್ಕೇ ಅಂಟದ ಹಾಗೆ ಕಾಯುತ್ತದೆ.

ಈಗ ಕತ್ತರಿಸಿ. ಚಾಕು ಬೇಡ, ಹಿಟ್ಟು ಜಜ್ಜಿಹೋಗುತ್ತದೆ. ಹೂ ಕಟ್ಟುವ ದಾರ ಸುತ್ತಿ ಎಳೆಯಿರಿ. ಎರಡು ಕೋಶ, ಸುಮಾರು 30 ಗಂಟೆಗೆ. ಎರಡನ್ನೂ ದುಂಡಗೆ ಮಾಡಿ ಅದೇ ಕವರಿಗೆ ತುಂಬಿ. ತುಂಬಲು ಆಗುತ್ತಿಲ್ಲವೇ? ಯಾರೋ ಹಿಟ್ಟು ಸೇರಿಸಿದ್ದಾರೆ. ನಾಲ್ಕಾದಾಗ ಒಂದೇ ಸಾಲಿನಲ್ಲಿ ಇಡಬೇಡಿ. ಗಾಂಧಿ ಬಜಾರಿನಲ್ಲಿ ನಿಂಬೆಹಣ್ಣು ಗುಡ್ಡೆ ಹಾಕಿರುತ್ತಾರಲ್ಲ, ಕೆಳಗೆ ಮೂರು, ಮೇಲೊಂದು, ಹಾಗಿಡಿ. ಮೂರನೇ ದಿನಕ್ಕೆ ಎಂಟು. ಎಲ್ಲ ಕೋಶಗಳೂ ಒಟ್ಟಿಗೇ ಒಡೆಯುವುದಿಲ್ಲ, ಹಾಗಾಗಿ ಒಬ್ಬರ ಬಳಿ ಐದೋ ಆರೋ ಇದ್ದರೆ ನಾನು ಮಾರ್ಕ್ಸ್ ಕಟ್ ಮಾಡುವುದಿಲ್ಲ.

ನಾಲ್ಕನೇ ದಿನ 16 ಅಥವಾ ಜಾಸ್ತಿ. ಇದು ಮೊರುಲಾ. ಲ್ಯಾಟಿನ್‌ನಲ್ಲಿ ಹಿಪ್ಪುನೇರಳೆ ಹಣ್ಣಿನಿಂದ ಬಂದ ಹೆಸರು. ನನ್ನ ಊರು ಶಿಡ್ಲಘಟ್ಟದ ಕಡೆ. ರೇಷ್ಮೆ ಸೊಪ್ಪಿನ ತೋಟದಲ್ಲಿ ಆ ಹಣ್ಣು ತಿಂದು ನಾಲಿಗೆ ಕಪ್ಪು ಮಾಡಿಕೊಂಡವಳು ನಾನು, ಈ ಹೆಸರು ಮರೆಯುವುದುಂಟೇ? ಕವರಿನ ಮೇಲಿಂದಲೇ ಅಂಗೈಯಲ್ಲಿ ಮೆಲ್ಲಗೆ ಒತ್ತಿ. ಕೋಶಗಳು ಒಂದಕ್ಕೊಂದು ಅಂಟಿ ನಡುವಿನ ಗೆರೆ ಮಸುಕಾಗಬೇಕು.

ಐದನೇ ದಿನಕ್ಕೆ ಪಡ್ಡಿನ ಹಂಚು ಬೇಕು. ಒಳಗೆ ಉಳಿದ ನಾಲ್ಕೈದು ಉಂಡೆ ಬಿಟ್ಟು, ಮಿಕ್ಕಿದ್ದನ್ನು ಎರಡು ಗುಳಿಗಳಿಗೆ ತೆಳ್ಳಗೆ ಮೆತ್ತಿ. ಇದು ಟ್ರೋಫೋಬ್ಲಾಸ್ಟ್, ಮುಂದೆ ಮಾಸು ಆಗಲು ಹೊರಡುವ ಭಾಗ. ಉಳಿಸಿದ ಉಂಡೆಗಳನ್ನು ಒಂದು ಗುಳಿಯ ತಳದಲ್ಲಿ ಗುಂಪಾಗಿ ಇಡಿ. ಮಗು ಆಗುವುದು ಈ ಸಣ್ಣ ಗುಂಪಿನಿಂದ. ನಡುವಿನ ಟೊಳ್ಳು ದ್ರವದ ಜಾಗ. ಇದೇ ಬ್ಲಾಸ್ಟೋಸಿಸ್ಟ್. ಈ ದ್ರವ ತುಂಬಿಯೇ ಅದು ಸ್ವಲ್ಪ ಉಬ್ಬುತ್ತದೆ, ಝೋನಾ ಒಡೆದು ಹೊರಗೆ ಬರುತ್ತದೆ. ಕವರ್ ಹರಿದು ಬಿಸಾಕಿ.

ಬೀಟ್‌ರೂಟ್ ರಸ ಹಾಕಿ ಕಲಸಿದ ಹಿಟ್ಟನ್ನು ಒಂದು ಬೆರಳು ದಪ್ಪ ತಟ್ಟಿಡಿ. ಅದು ಗರ್ಭಕೋಶದ ಒಳಪದರ. ಗುಂಪಿರುವ ಅರ್ಧವನ್ನು ಹಂಚಿನಿಂದ ಬಿಡಿಸಿ, ಗುಂಪಿನ ಕಡೆಯೇ ಕೆಳಗಿರುವಂತೆ ಅದರೊಳಗೆ ಒತ್ತಿ. ಚಿತ್ರ ಬರೆಯುವಾಗ ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಆರು, ಏಳನೇ ದಿನಕ್ಕೆ ಅಂಟಲು ಶುರು. ಪ್ರೆಗ್ನೆನ್ಸಿ ಕಿಟ್ ಹುಡುಕುವ ಎಚ್‌ಸಿಜಿ ಹಾರ್ಮೋನ್ ಬರುವುದೂ ಟ್ರೋಫೋಬ್ಲಾಸ್ಟ್‌ನಿಂದಲೇ.

ದಿನದ ಲೆಕ್ಕದ ಚೀಟಿ ಅಂಟಿಸುವಾಗ "ಫಲೀಕರಣದಿಂದ" ಎಂದು ಬರೆಯಿರಿ. ಡಾಕ್ಟರು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ, ಅವರ ಲೆಕ್ಕ ಸುಮಾರು ಎರಡು ವಾರ ಮುಂದಿರುತ್ತದೆ.

ಇನ್ನು ಅಮ್ಮನ ಕಡೆಯಿಂದ ಊಟ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹಿಟ್ಟನ್ನು ಈಗ ತೆಗೆದು ಸೇರಿಸಬಹುದು. ಪಡ್ಡಿನ ಹಂಚನ್ನು ಮಾತ್ರ ಅವತ್ತೇ ತೊಳೆದು ಎಣ್ಣೆ ಸವರಿಡಿ. ಉಪ್ಪಿಗೆ ಕಬ್ಬಿಣ ತುಕ್ಕು ಹಿಡಿದು, ನಮ್ಮತ್ತೆ ನನ್ನ ಹತ್ತಿರ ಎರಡು ದಿನ ಮಾತಾಡಿರಲಿಲ್ಲ.