ದೊಡ್ಡ ಸಾಲ್ಮನ್ ಬಿಡುವ ಮುಂಚೆ ಫೋಟೋ: ನನ್ನ ಅನುಭವ

ಕೆನಡಾದ ವ್ಯಾಂಕೂವರ್ ದ್ವೀಪದ ಕ್ಯಾಂಪ್‌ಬೆಲ್ ರಿವರ್ ಊರಿನಲ್ಲಿ 30 ಪೌಂಡ್, ಅಂದರೆ ಸುಮಾರು 13.6 ಕಿಲೋ ಮುಟ್ಟಿದ ಚಿನೂಕ್ ಎಂಬ ಜಾತಿಯ ಸಾಲ್ಮನ್‌ಗೆ ಟೈಯಿ ಅನ್ನುತ್ತಾರೆ. ಮರಳಿ ನೀರಿಗೆ ಬಿಡಬೇಕಾದ ಅಂಥ ಮೀನನ್ನು ನಾನು ದೋಣಿಯೊಳಗೆ ತರುವುದೇ ಇಲ್ಲ. ನೆಲಕ್ಕೆ ಬಡಿದರೆ ಹುರುಪೆ ಉದುರುತ್ತದೆ, ಮೈಯ ಲೋಳೆ ಹೋಗುತ್ತದೆ. ಪಕ್ಕದ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಂತೂ ಬಿಡಬೇಕಾದ ಸಾಲ್ಮನ್ನನ್ನು ಪೂರ್ತಿ ನೀರಿನಿಂದ ಎತ್ತುವುದಕ್ಕೇ ಸಾಮಾನ್ಯವಾಗಿ ನಿಷೇಧವಿದೆ.

ಮೀನು ಬಲೆಗೆ ಬರುವ ಮೊದಲೇ ಕ್ಯಾಮೆರಾ ಸಿದ್ಧವಿರಬೇಕು. 24ರಿಂದ 35 ಎಂಎಂ ಲೆನ್ಸ್, ಶಟರ್ 1/1000 ಸೆಕೆಂಡ್, ಒಂದೇ ಸಮನೆ ಕ್ಲಿಕ್ಕಿಸುವ ಮೋಡ್. ಬೆಳ್ಳಿಯಂಥ ಮೈ ಬಿಸಿಲಿಗೆ ಬಿಳಿಚಿ ಹುರುಪೆಯ ಗೆರೆಗಳೇ ಮಾಯವಾಗುತ್ತವೆ, ಅದಕ್ಕೆ ಎಕ್ಸ್‌ಪೋಷರ್ ಮೈನಸ್ 2/3 ಸ್ಟಾಪ್‌ಗೆ ಇಳಿಸುತ್ತೇನೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದರೆ ನೀರಿನ ಹೊಳಪು ಕಳೆದು ಮೀನು ಕಾಣುತ್ತದೆ, ಆದರೆ ಬೆಳಕು ಒಂದೆರಡು ಸ್ಟಾಪ್ ತಗ್ಗುತ್ತದೆ. ಮೋಡ ಕವಿದ ಬೆಳಗ್ಗೆ ಅದನ್ನು ತೆಗೆದಿಡುವುದೇ ಮೇಲು.

ಬಲೆ ಗಂಟಿಲ್ಲದ, ರಬ್ಬರ್ ಲೇಪದ್ದಿರಲಿ. ಇಂಜಿನ್ ನ್ಯೂಟ್ರಲ್‌ಗೆ ಹಾಕಿ, ಗಾಳಿ ಬೀಸಿ ಬರುವ ಬದಿಯಲ್ಲೇ ಬಲೆ ಹಿಡಿಯಬೇಕು. ಇನ್ನೊಂದು ಬದಿಯಲ್ಲಿ ಹಿಡಿದರೆ ಗಾಳಿ ದೋಣಿಯನ್ನು ಮೀನಿನ ಮೇಲೇ ತಳ್ಳುತ್ತದೆ. ಬಲೆಯ ಬಾಯಿಯಷ್ಟೇ ನೀರಿನ ಮೇಲಿರಲಿ, ಮೀನು ಒಳಗೆ ಉಸಿರಾಡುತ್ತಿರಲಿ. ಈ ದ್ವೀಪವಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಸಾಲ್ಮನ್ ಗಾಳಕ್ಕೆ ಮರುಮುಳ್ಳು (ತುದಿಯಿಂದ ಹಿಂದಕ್ಕೆ ಚಾಚಿದ ಮುಳ್ಳು) ಇರಕೂಡದು, ಹಾಗಾಗಿ ಇಕ್ಕಳದಿಂದ ಒಮ್ಮೆ ತಿರುಗಿಸಿದರೆ ಕಳಚಿಕೊಳ್ಳುತ್ತದೆ.

ಮೊದಲ ಚಿತ್ರಗಳು ಗುರುತಿಗಾಗಿ. ಕಪ್ಪು ವಸಡು, ಬಾಲದ ಮೇಲಿನ ಕೆಳಗಿನ ಎರಡೂ ಭಾಗದಲ್ಲಿ ಚುಕ್ಕೆ ಇದ್ದರೆ ಚಿನೂಕ್. ಕೋಹೋ ಎಂಬ ಇನ್ನೊಂದು ಜಾತಿಯ ಸಾಲ್ಮನ್ನಿನ ವಸಡು ಬಿಳಿಚಾಗಿದ್ದು, ಚುಕ್ಕೆ ಮೇಲ್ಭಾಗದಲ್ಲಷ್ಟೇ. ಬೆನ್ನಿನ ಕೊನೆಯ ಪುಟ್ಟ ಕೊಬ್ಬಿನ ರೆಕ್ಕೆಯೂ ಚಿತ್ರದಲ್ಲಿ ಬರಲಿ. ಅದು ಕತ್ತರಿಸಿದ್ದರೆ ಮರಿಕೇಂದ್ರದಲ್ಲಿ ಬೆಳೆದ ಮೀನು.

ನಂತರ ಹಿಡಿದಿರುವವರ ಚಿತ್ರ. ಒದ್ದೆ ಕೈಯಿಂದ ಬಾಲದ ಬುಡ ಹಿಡಿದು, ಇನ್ನೊಂದು ಕೈ ಎದೆರೆಕ್ಕೆಗಳ ಕೆಳಗೆ ಕೊಟ್ಟು, ಬೆನ್ನು ಮತ್ತು ಕಣ್ಣು ನೀರಿನ ಮೇಲೆ ಕಾಣುವಷ್ಟು ಮಾತ್ರ ಎತ್ತುವುದು. ಕಿವಿರು ನೀರಲ್ಲೇ ಇರಬೇಕು. ಗಾಳಿಗೆ ಬಂದರೆ ಅದರ ಎಳೆಗಳು ಒಂದಕ್ಕೊಂದು ಅಂಟಿ ಉಸಿರು ಕಟ್ಟುತ್ತದೆ. ಕಿವಿರಿಗೆ ಬೆರಳು ತೂರಿಸಿ ನೇತುಹಾಕುವುದಂತೂ ಸಲ್ಲದು, ಮೈಯ ಭಾರಕ್ಕೆ ಒಳಗಿನ ಅಂಗಗಳು ಜಗ್ಗುತ್ತವೆ. ಚಿತ್ರ ತೆಗೆಯುವವರು ಕ್ಯಾಮೆರಾವನ್ನು ನೀರಿನ ಮಟ್ಟಕ್ಕೇ ಇಳಿಸಬೇಕು. ಮೇಲಿನಿಂದ ತೆಗೆದರೆ ಎಂಥ ಟೈಯಿಯೂ ಸಣ್ಣದಾಗಿ ಕಾಣುತ್ತದೆ.

ತೂಕಕ್ಕೆ ತಕ್ಕಡಿ ಬೇಡ. ಉದ್ದವನ್ನೂ ಬೆನ್ನುರೆಕ್ಕೆಯ ಮುಂದಿನ ಸುತ್ತಳತೆಯನ್ನೂ ಇಂಚಿನಲ್ಲಿ ಅಳೆದು, ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸಿದರೆ ಅಂದಾಜು ಪೌಂಡ್ ಸಿಗುತ್ತದೆ. 40 ಇಂಚು ಉದ್ದ, 25 ಇಂಚು ಸುತ್ತಳತೆಗೆ 31 ಪೌಂಡ್ ಚಿಲ್ಲರೆ. ಮೀನು ಒದ್ದಾಡಿದರೆ ಸುತ್ತಳತೆ ಬಿಟ್ಟು ಉದ್ದವನ್ನಷ್ಟೇ ಬರೆದುಕೊಂಡು, ತಲೆಯನ್ನು ಸೆಳೆತಕ್ಕೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬಡಿದಾಗ ಕೈ ಬಿಡುತ್ತೇನೆ.