ಬಳಿದ ಮೇಲಿನ ಮೂರು ನಿಮಿಷ

ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಸೇರಿದ ಹೊಸತರಲ್ಲಿ, ಚರ್ಮಕ್ಕೆ ನಂಜುನಿರೋಧಕ ಬಳಿಯುವುದೆಂದರೆ ಹಿರಿಯರು ಕೈ ತೊಳೆದು ಬರುವಷ್ಟರಲ್ಲಿ ಕಿರಿಯರು ಮುಗಿಸಿಡಬೇಕಾದ ಕೆಲಸ ಎಂದಷ್ಟೇ ನಾನು ತಿಳಿದಿದ್ದೆ. ಆ ತಿಳಿವಳಿಕೆಯನ್ನು ತಿದ್ದಿದ್ದು ಒಂದು ಹಸುಳೆಯ ಬೆನ್ನು. ಹೊಟ್ಟೆಯ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿದು, ಹೊದಿಸಿದ್ದ ಬಟ್ಟೆಗಳನ್ನು ತೆಗೆದು ಮಗುವನ್ನು ಹೊರಳಿಸಿದಾಗ, ನಾನು ಧಾರಾಳವಾಗಿ ಬಳಿದಿದ್ದ ಪೊವಿಡೋನ್ ಅಯೋಡಿನ್ ಪಕ್ಕೆಗಳಿಂದ ಇಳಿದು ಬೆನ್ನಡಿಯಲ್ಲಿ ನಿಂತಿತ್ತು. ಎರಡು ಗಂಟೆ ಆ ಒದ್ದೆಯಲ್ಲೇ ಒತ್ತಿಕೊಂಡಿದ್ದ ಚರ್ಮ ಸುಟ್ಟಂತೆ ಕೆಂಪಾಗಿತ್ತು. ಅದು ಕೆಲವೇ ದಿನಗಳಲ್ಲಿ ಮಾಯಿತು, ಆದರೆ ಹೊಟ್ಟೆಯ ಚಿಕಿತ್ಸೆಗೆ ಬಂದ ಮಗುವಿನ ಬೆನ್ನು ಹೀಗೇಕಾಯಿತೆಂದು ತಾಯಿಗೆ ವಿವರಿಸುವ ಹೊಣೆ ನನ್ನದೇ ಆಗಿತ್ತು.

ಕ್ರಿಮಿಯನ್ನು ಕೊಲ್ಲುವ ದ್ರವ ಚರ್ಮವನ್ನೂ ಸುಡಬಲ್ಲದು ಎಂಬುದು ಹಳೆಯ ಮಾತೇ. 1865ರಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಗ್ಲಾಸ್ಗೋದಲ್ಲಿ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ ಉಳಿಸಿದ ಮುರಿದ ಕಾಲು ಒಬ್ಬ ಬಾಲಕನದು. ಆ ಆಮ್ಲವೂ ಚರ್ಮವನ್ನು ಕೆರಳಿಸುತ್ತಿತ್ತು.

ಈಗ ನನ್ನ ಕ್ರಮ ಹಿಂದಿನ ದಿನದ ಸೋಪಿನ ಸ್ನಾನದಿಂದ ಮೊದಲಾಗುತ್ತದೆ. ರೇಜರ್ ಮಾಡುವ ಕಣ್ಣಿಗೆ ಕಾಣದ ಗೀರುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದರಿಂದ ಕೂದಲನ್ನು ಬೋಳಿಸುವುದಿಲ್ಲ; ಅಡ್ಡ ಬರುವುದಾದರೆ ಮಾತ್ರ ಕ್ಲಿಪ್ಪರಿನಿಂದ ಕತ್ತರಿಸುತ್ತೇವೆ. ಎರಡು ತಿಂಗಳು ದಾಟಿದ, ಚರ್ಮ ಒಡೆಯದಿರುವ ಮಗುವಿಗೆ 70% ಆಲ್ಕೋಹಾಲಿನಲ್ಲಿರುವ 2% ಕ್ಲೋರ್‌ಹೆಕ್ಸಿಡಿನ್ ಎಂಬ ನಂಜುನಿರೋಧಕ ನನ್ನ ಮೊದಲ ಆಯ್ಕೆ. ಆಲ್ಕೋಹಾಲ್ ಕ್ಷಣದಲ್ಲಿ ಕ್ರಿಮಿಗಳನ್ನು ಕೊಲ್ಲುತ್ತದೆ, ಕ್ಲೋರ್‌ಹೆಕ್ಸಿಡಿನ್ ಚರ್ಮಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ; ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯೂ ಆಲ್ಕೋಹಾಲ್‌ಯುಕ್ತ ಕ್ಲೋರ್‌ಹೆಕ್ಸಿಡಿನ್ ದ್ರಾವಣವನ್ನೇ ಶಿಫಾರಸು ಮಾಡುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೂ ಒಳಕಿವಿಗೂ ಅದು ಹಾನಿಕರವಾದ್ದರಿಂದ ಮುಖದ ಹತ್ತಿರ ಅದನ್ನು ತರುವುದಿಲ್ಲ.

ಕಷ್ಟವಿರುವುದು ನವಜಾತ ಶಿಶುಗಳಲ್ಲಿ, ಅದರಲ್ಲೂ ಅವಧಿಗೆ ಮುನ್ನ ಹುಟ್ಟಿದವರಲ್ಲಿ. ಅವರ ಚರ್ಮದ ಹೊರಪದರ ಇನ್ನೂ ಬಲಿತಿರುವುದಿಲ್ಲ. ಆಲ್ಕೋಹಾಲ್ ಸುಡುತ್ತದೆ, ಕ್ಲೋರ್‌ಹೆಕ್ಸಿಡಿನ್ ಕೂಡ ಸುಡಬಹುದು, ಅಯೋಡಿನ್ ಒಳಗಿಳಿದು ಥೈರಾಯ್ಡಿನ ಕೆಲಸವನ್ನು ಕುಗ್ಗಿಸಬಹುದು. ನಿರಪಾಯವಾದ ದ್ರಾವಣ ಯಾವುದೆಂದು ಕೇಳುವ ಕಿರಿಯರಿಗೆ, ಅಂಥದ್ದು ಇಲ್ಲವೆಂದೇ ಹೇಳುತ್ತೇನೆ. ನಾನು ಆಲ್ಕೋಹಾಲ್ ಇಲ್ಲದ ದ್ರಾವಣವನ್ನು ಬೇಕಾದಷ್ಟು ಜಾಗಕ್ಕೆ ಮಾತ್ರ ತೆಳುವಾಗಿ ಬಳಿಸಿ, ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಶುದ್ಧ ಸಲೈನಿನಿಂದ ಒರೆಸಿ ತೆಗೆಸುತ್ತೇನೆ.

ಬಳಿಯುವ ಮುನ್ನ ಎರಡೂ ಪಕ್ಕೆಗಳಿಗೆ ಬಟ್ಟೆ ಸಿಕ್ಕಿಸಿ, ಇಳಿದದ್ದನ್ನು ಅದು ಹೀರಿದ ಮೇಲೆ ತೆಗೆದುಬಿಡುತ್ತೇವೆ. ಹೊಕ್ಕುಳಿನ ಮಡಿಕೆಯಲ್ಲಿ ಕೊಳೆ ಅಡಗಿರುವುದರಿಂದ ಹತ್ತಿಕಡ್ಡಿಯಿಂದ ಮೊದಲು ಅದನ್ನೇ ಶುಚಿಗೊಳಿಸಬೇಕು. ತೊಡೆಸಂದು ಕೊನೆಗೆ, ಅಲ್ಲಿ ಮುಟ್ಟಿದ ಗಾಜ್ ಬಟ್ಟೆಯ ತುಂಡು ಮತ್ತೆ ಹೊಟ್ಟೆಯ ಮೇಲೆ ಬರಕೂಡದು.

ಇದಾದ ಮೇಲೆ ಬರುವುದು ಎಲ್ಲರ ತಾಳ್ಮೆ ತಪ್ಪುವ ಘಟ್ಟ. ಆಲ್ಕೋಹಾಲ್ ದ್ರಾವಣ ಕೂದಲಿಲ್ಲದ ಚರ್ಮದಲ್ಲಿ ಒಣಗಲು ಕನಿಷ್ಠ 3 ನಿಮಿಷ ಬೇಕು; ಕೂದಲಿನಲ್ಲಾದರೆ ಒಂದು ಗಂಟೆಯವರೆಗೂ ಆಗಬಹುದಾದ್ದರಿಂದ ತಲೆಯ ಶಸ್ತ್ರಚಿಕಿತ್ಸೆಗೆ ನಾನು ಅದನ್ನು ಬಳಸುವುದಿಲ್ಲ. ಒಣಗುವ ಮುನ್ನ ಬಟ್ಟೆ ಹೊದಿಸಿದರೆ ಅದರಡಿ ಆವಿ ತುಂಬಿಕೊಂಡು, ರಕ್ತಸ್ರಾವವನ್ನು ಸುಟ್ಟು ನಿಲ್ಲಿಸುವ ವಿದ್ಯುತ್ ಉಪಕರಣವಾದ ಕಾಟರಿಯ ಒಂದು ಕಿಡಿಯಿಂದ ಬೆಂಕಿ ಹತ್ತಬಹುದು. ಅಯೋಡಿನ್ ಕೂಡ ತಾನಾಗಿ ಒಣಗಬೇಕು, ಬೇಗ ಒರೆಸಿದರೆ ಬಳಿದದ್ದೇ ವ್ಯರ್ಥ. ಇತ್ತ ಅರಿವಳಿಕೆ ವೈದ್ಯರ ಅವಸರದಲ್ಲಿಯೂ ನ್ಯಾಯವಿದೆ, ಏಕೆಂದರೆ ಒದ್ದೆ ಮೈಯ ಕೂಸು ಬಹುಬೇಗ ತಣ್ಣಗಾಗುತ್ತದೆ ಮತ್ತು ಮೈ ತಣ್ಣಗಾದರೆ ಗಾಯಕ್ಕೆ ಸೋಂಕು ತಗಲುವ ಅಪಾಯವೂ ಹೆಚ್ಚುತ್ತದೆ. ಇಬ್ಬರೂ ಕೂಡಿ ಒಪ್ಪಿಕೊಂಡ ದಾರಿಯೆಂದರೆ, ಥಿಯೇಟರನ್ನು ಮೊದಲೇ ಬೆಚ್ಚಗಾಗಿಸಿ, ತಲೆ ಮತ್ತು ಕೈಕಾಲುಗಳನ್ನು ಸುತ್ತಿ, ಕತ್ತರಿಸುವ ಭಾಗವನ್ನಷ್ಟೇ ತೆರೆದಿಡುವುದು. ಉರಿಯುವ ದ್ರವವಾದ್ದರಿಂದ ಆಲ್ಕೋಹಾಲಿನ ಬಾಟಲಿಯನ್ನು ಬಿಸಿ ಮಾಡುವಂತಿಲ್ಲ.

ಸಮಯವನ್ನು ಗೋಡೆಯ ಗಡಿಯಾರ ನೋಡಿ ನರ್ಸ್ ಗಟ್ಟಿಯಾಗಿ ಹೇಳುತ್ತಾರೆ, ಅವರು ಮೂರು ನಿಮಿಷವಾಯಿತೆಂದು ಹೇಳಿದ ಮೇಲೂ ಮಡಿಕೆಗಳಲ್ಲಿ ಹೊಳಪು ಉಳಿದಿದೆಯೇ ಎಂದು ಬಗ್ಗಿ ನೋಡುತ್ತೇನೆ. ಚಿಕಿತ್ಸೆ ಮುಗಿದು ಬಟ್ಟೆ ಸರಿಸಿದ ಮೇಲೆ, ಹೊಲಿಗೆಗೆ ಪಟ್ಟಿ ಹಾಕುವ ಕೆಲಸವನ್ನು ಕಿರಿಯರಿಗೆ ಬಿಟ್ಟು, ಮಗುವನ್ನು ಮೆಲ್ಲಗೆ ಹೊರಳಿಸಿ ಬೆನ್ನನ್ನು ನಾನೇ ನೋಡುತ್ತೇನೆ.