ಗಿರ್ಮಿಟ್ ಸರಿ ಬರುವವರೆಗೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಫ್ಲೆಕ್ಸ್ ಬರುವ ಮೊದಲು ನಮ್ಮ ಕಾಕಾ ಹಳೇ ಊರಿನಲ್ಲಿ ಬೋರ್ಡ್ ಬರೆಯುತ್ತಿದ್ದರು. ಆಲಮಟ್ಟಿ ಹಿನ್ನೀರಿಗೆ ಹೋದ ಓಣಿಗಳ ಜೊತೆ ಆ ಬೋರ್ಡುಗಳೂ ಹೋದವು. ಅವರ ಅಕ್ಷರ ನೆಟ್ಟಗೆ ನಿಲ್ಲುವ ಜಾತಿಯದ್ದಲ್ಲ. ಹೊಟ್ಟೆ ದಪ್ಪ, ತಲೆಕಟ್ಟು ವಾರೆ. ಟೋಪಿ ವಾರೆ ಇಟ್ಟುಕೊಂಡು ಜಾತ್ರೆಗೆ ಹೊರಟ ಹುಡುಗರ ಹಾಗೆ. ಅದನ್ನೇ ಫಾಂಟ್ ಮಾಡೋಣ ಅಂತ ಕೂತೆ.

ಕಾಕಾ ಬ್ರಷ್ಷಿನಲ್ಲಿ ಬರೆದರು. ನಾನು ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪಿನಲ್ಲಿ ಅಂಚು ತೆಗೆದು, ಫಾಂಟ್‌ಫೋರ್ಜಿಗೆ ಹಾಕಿದೆ. ಮೊದಲನೆಯದು ಚಿತ್ರ ಬಿಡಿಸುವ, ಎರಡನೆಯದು ಫಾಂಟ್ ಕಟ್ಟುವ ಸಾಫ್ಟ್‌ವೇರ್, ಎರಡೂ ಪುಕ್ಕಟೆ ಸಿಗುತ್ತವೆ. ಸ್ವರಗಳು, 34 ವ್ಯಂಜನ, ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಎಲ್ಲಿ ಮುಗಿಯುತ್ತೆ! ಕ ಮೇಲೆ ಸುಮ್ನೆ ಗುಡಿಸು ಅಂಟಿಸಿದರೆ ಕಿ ಆಗಲ್ಲ, ತಲೆಯೇ ಬದಲಾಗುತ್ತದೆ. ಹಾಗಾಗಿ ಗುಡಿಸಿನವು ಬೇರೆ 34, ಒತ್ತುಗಳು ಮತ್ತೆ 34. ಒತ್ತಿಗೆ ಬರುವ ಹೊತ್ತಿಗೆ ಕಾಕಾ ಬೇಸತ್ತು, "ಇಷ್ಟ್ ಬೋರ್ಡ್ ಬರದಿದ್ರ ರೊಕ್ಕಾನರ ಬರ್ತಿತ್ತಲೇ ತಮ್ಮಾ" ಅಂದರು.

ಮೊದಲ ಪರೀಕ್ಷೆ ಒಂದು ತಿಂಡಿ ಗಾಡಿಯ ಬೋರ್ಡಿಗೆ: ‘ಗಿರ್ಮಿಟ್ ಮಿರ್ಚಿ’. ಟೈಪ್ ಮಾಡಿದೆ, ಅರ್ಕಾವತ್ತೇ ಇಲ್ಲ! ರ ಗುಡಿಸು ಹೊತ್ತು ಮೇಲೆ ಕೂತಿದೆ, ಮ ಅದರ ಕಾಲಡಿ ಒತ್ತಾಗಿ ಬಿದ್ದಿದೆ. ಯುನಿಕೋಡಿನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಪದ್ಧತಿಯಲ್ಲಿ, ಸಾಲು ರ, ಹಲಂತ (ಅರ್ಧಾಕ್ಷರದ ಗುರುತು), ಮ, ಗುಡಿಸು ಅಂತಲೇ ಇರುತ್ತದೆ. ಆ ರ ಅರ್ಕಾವತ್ತಾಗಿ ಮಿ ಬಲಕ್ಕೆ ಹೋಗಬೇಕಾದರೆ ಫಾಂಟಿನೊಳಗೆ ‘ಆರ್‌ಪಿಎಚ್‌ಎಫ್’ ಅನ್ನೋ ಓಪನ್‌ಟೈಪ್ ನಿಯಮ, ಅಂದರೆ ಯಾವ ಅಕ್ಷರ ಎಲ್ಲಿ ಯಾವ ರೂಪ ತಾಳಬೇಕು ಅಂತ ಹೇಳುವ ಸೂತ್ರ, ಬೇಕು. ನಾನು ಅದನ್ನು ಬರೆದೇ ಇರಲಿಲ್ಲ.

ಅದು ಸರಿಯಾಯ್ತು, ಆದರೂ ಕಣ್ಣಿಗೆ ಏನೋ ಚುಚ್ಚುತ್ತಿತ್ತು. ನೋಡಿದರೆ ಎರಡೂ ಮಿ ಒಂದೇ ಅಚ್ಚು. ಕೈಯಲ್ಲಿ ಯಾರೂ ಎರಡು ಸಲ ಒಂದೇ ತರ ಬರೆಯಲ್ಲ, ಅಲ್ವಾ? ಜಾಸ್ತಿ ಬರುವ ಅಕ್ಷರಗಳಿಗೆ ಎರಡೆರಡು ರೂಪ ಬರೆಸಿದೆ. ಹತ್ತಿರದಲ್ಲೇ ಮತ್ತೆ ಬಂದರೆ ಎರಡನೆಯದು ಬರಲಿ ಅಂತ ‘ಸಿಎಎಲ್‌ಟಿ’ ನಿಯಮ ಹಾಕಿದೆ. ಆಗ ಅದು ಕಾಕಾ ಬರೆದ ಬೋರ್ಡ್ ಅನ್ನಿಸಿತು.

ಗಾಡಿ, ಹುಟ್ಟುಹಬ್ಬದ ಬ್ಯಾನರ್, ಶಾಲೆಯ ಗ್ಯಾದರಿಂಗ್, ಇಂಥವಕ್ಕೆಲ್ಲ ಚೆನ್ನಾಗಿ ಒಪ್ಪುತ್ತದೆ. ಶ್ರದ್ಧಾಂಜಲಿ ಫ್ಲೆಕ್ಸಿಗೆ ಮಾತ್ರ ಕೇಳಿದರೂ ಕೊಡಲ್ಲ. ಸಾಲಿನ ನಡುವೆ ಜಾಗ ಧಾರಾಳವಾಗಿ ಬಿಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿಗೆ ಬಡಿಯುತ್ತದೆ. ಸಣ್ಣ ಅಳತೆಗಂತೂ ಬೇಡವೇ ಬೇಡ. ಒಂದು ಕ್ಯಾಲೆಂಡರಿನ ಮೂಲೆಯಲ್ಲಿ ಪುಟ್ಟದಾಗಿ ‘ಧನಲಾಭ’ ಅಂತ ಹಾಕಿದ್ದೆ. ಅಚ್ಚಾಗಿ ಬಂದಾಗ ಧ ಹೊಟ್ಟೆಯ ಸೀಳು ಮಸಿಯಲ್ಲಿ ಮುಚ್ಚಿಹೋಗಿ ‘ದನಲಾಭ’ ಆಗಿತ್ತು.

"ಎಮ್ಮಿನೋ ಆಕಳೋ, ಅದನ್ನಾರ ಹೇಳ್ರಿ" ಅಂದರು ಗಿರಾಕಿ.

ಈಗ ಧ, ಢ, ಫ ಎಲ್ಲಕ್ಕೂ ಸೀಳು ದೊಡ್ಡದು ಮಾಡಬೇಕು. ಕಾಕಾ ಬ್ರಷ್ ತೊಳೆದಿಟ್ಟಾಗಿದೆ, ಮತ್ತೆ ಹೇಗೆ ಕರೆಯೋದು ಅಂತ ಯೋಚಿಸುತ್ತಿದ್ದೇನೆ.